ದೊಡ್ಡಮ್ಮನ ಕಂಪ್ಯೂಟರು ಹಳೆಯದಾಗಿಯೇ ಉಳಿದದ್ದು

ಮೊದಲು ನನ್ನ ಪೆದ್ದುತನವನ್ನು ನಾನೇ ಹೇಳಿ ಮುಗಿಸಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪುಖಾರ ಜಾಸ್ತಿಯಾಗುತ್ತದೆ.

ಒಂದು ದಿನ ಮಟಮಟ ಮಧ್ಯಾಹ್ನ ನಮ್ಮ ಮನೆಯ ತಾರಸಿಯ ಮೇಲೆ ನಿಂತು, ಗೆಳೆಯನ ಫೋನಿನಿಂದ ಎದುರು ಮನೆಯ ದೊಡ್ಡಮ್ಮನಿಗೆ ಕರೆ ಮಾಡಿ, ನಾನು ಕಂಪ್ಯೂಟರ್ ಕಂಪನಿಯ ದೊಡ್ಡ ಅಧಿಕಾರಿ ಎಂದು ಹೇಳಿಕೊಂಡೆ. ಧ್ವನಿ ಅನುಕರಣೆ ನನಗೆ ಹುಟ್ಟಿನಿಂದ ಬಂದ ಕಾಯಿಲೆ. ದೇವಸ್ಥಾನದ ಅರ್ಚಕರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಯಾರ ಗಂಟಲನ್ನೂ ಬಿಟ್ಟವನಲ್ಲ. ಅವತ್ತು ತೊಟ್ಟುಕೊಂಡದ್ದು, ಉತ್ತರದ ಕಡೆಯಿಂದ ಬಂದು ಹೊಸದಾಗಿ ಕನ್ನಡ ಕಲಿತ ಸಾಹೇಬನ ಗಂಟಲು.

"ಮೇಡಂ, ನಿಮ್ದು ಕಂಪ್ಯೂಟರ್ ಒಳಗೆ ಇರೋದು ಸಿಸ್ಟಮ್ ಬಹುತ್ ಓಲ್ಡ್ ಆಗಿದೆ. ಈ ತಿಂಗಳು ಬಂದ್ ಆಗುತ್ತೆ. ತಕ್ಷಣ ಅಪ್‌ಗ್ರೇಡ್ ಮಾಡ್ಬೇಕು ಮೇಡಂ."

"ಅಂಗಾ ಸಾರ್?" ದೊಡ್ಡಮ್ಮನ ದನಿಯಲ್ಲಿ ಎಂಥ ವಿನಯ! "ಊಟ ಆಯ್ತಾ ಸಾರ್?"

"ಆಯ್ತು ಮೇಡಂ. ಅಪ್‌ಗ್ರೇಡ್..."

"ಮಾಡ್ಸಾನ ಸಾರ್. ಅದಕ್ಕೆ ಮೊದ್ಲು ಒಂದು ಉಪಕಾರ ಆಗ್ಬೇಕಿತ್ತು. ನೀವು ನಿಂತಿದೀರಲ್ಲ ಟೆರೇಸು, ಅದ್ರ ಮೂಲೇಲಿ ನಮ್ಮ ಸಂಡಿಗೆ ಒಣಗಾಕಿದೀನಿ. ಕಾಗೆ ಬಂದು ಕೂತದೆ. ವಸಿ ಓಡ್ಸಿ ಸಾರ್."

ತಿರುಗಿ ನೋಡಿದೆ. ಕಾಗೆ ಕೂತಿತ್ತು. ಕೆಳಗೆ ನೋಡಿದೆ. ದೊಡ್ಡಮ್ಮ ಅವರ ಜಗುಲಿಯ ಮೇಲೆ, ಕಿವಿಗೆ ಫೋನು, ಹಣೆಗೆ ಅಂಗೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದರು. ಕಂಪನಿಯ ಅಧಿಕಾರಿ ಹೋಗಿ ಕಾಗೆ ಓಡಿಸಿದ.

ಅವರು ನನಗೆ ರಕ್ತಸಂಬಂಧದ ದೊಡ್ಡಮ್ಮ ಅಲ್ಲ. ಪುಟ್ಟೇನಹಳ್ಳಿ ಊರಾಗಿದ್ದ ಕಾಲದಿಂದ ಅವರ ಮನೆಯವರೂ ನಮ್ಮ ಮನೆಯವರೂ ಎದುರುಬದುರು. ಊರು ಬಡಾವಣೆಯಾದ ಮೇಲೂ ಆ ಬೀದಿಯಲ್ಲಿ ಅವರನ್ನು ಆಂಟಿ ಎಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಹಾಗೆ ಕರೆದಾಗ, "ಯಾರಮ್ಮಾ ಅದು, ಒಳಗೆ ಯಾರೂ ಇಲ್ಲ" ಎಂದು ಬಾಗಿಲು ಹಾಕಿಕೊಂಡರಂತೆ. ಎಲ್ಲರಿಗೂ ದೊಡ್ಡಮ್ಮ, ಬೇರೆ ದೊಡ್ಡಮ್ಮಂದಿರ ಜೊತೆ ಗೊಂದಲ ಆಗಬಾರದು ಎನ್ನುವಾಗ ಕಂಪ್ಯೂಟರ್ ದೊಡ್ಡಮ್ಮ.

ಆ ಕಂಪ್ಯೂಟರು ಬಂದದ್ದು ಅವರಿಗಾಗಿಯಲ್ಲ. ಹೊಲ ಹೋಗಿ ಸೈಟುಗಳಾದ ಹೊಸತರಲ್ಲಿ ಮಗನಿಗೆಂದು ತಂದದ್ದು. ಮಗ ಅದರಲ್ಲಿ ಒಂದಷ್ಟು ದಿನ ಕಾರ್ ಓಡಿಸಿ, ಬೇಜಾರಾಗಿ, ನಿಜವಾದ ಬೈಕು ಕೇಳಿದ. ಯಂತ್ರದ ಮೇಲೆ ಧೂಳು ಕೂರತೊಡಗಿತು. ದೊಡ್ಡಮ್ಮನಿಗೆ ಧೂಳು ಕಂಡರೆ ಆಗದು. ದಿನಾ ಒರೆಸುತ್ತ ಒರೆಸುತ್ತ, "ಇಷ್ಟು ಸೇವೆ ಮಾಡ್ಸ್ಕಂತದೆ, ಏನಾದ್ರೂ ಕೆಲ್ಸ ಮಾಡ್ತದಾ ನೋಡಾನ" ಎಂದು ಯಲಹಂಕದ ಹಳೇ ಊರಿನಲ್ಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿಬಿಟ್ಟರು. ಕಾಲೇಜು ಹುಡುಗಿಯರ ನಡುವೆ ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಕೂತು ಕನ್ನಡ ಟೈಪಿಂಗ್ ಕಲಿತರು. ಓದಿದ್ದು ಏಳನೇ ಕ್ಲಾಸು.

ಆ ಕ್ಲಾಸಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಆ ನಿಯಮ ದೊಡ್ಡಮ್ಮನಿಗೆ ಎಷ್ಟು ಹಿಡಿಸಿತೆಂದರೆ, ಕಂಪ್ಯೂಟರ್ ಎಂದರೇನು ಎಂದು ಯಾರಾದರೂ ಕೇಳಿದರೆ ಅದನ್ನೇ ಮೊದಲು ಹೇಳುತ್ತಿದ್ದರು. ಅವರ ಹಾಲ್‌ನಲ್ಲಿ ಯಂತ್ರವಿದ್ದ ಮೂಲೆಗೆ ನಾವ್ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಅಡುಗೆಮನೆಗೆ ಹಾಕಿಕೊಂಡು ಹೋದರೂ ನಡೆಯುತ್ತಿತ್ತು.

ಅವರು ಟೈಪ್ ಮಾಡುವುದನ್ನು ನೋಡಬೇಕಿತ್ತು. ಬಲಗೈಯ ತೋರುಬೆರಳೊಂದೇ ಕೆಲಸ ಮಾಡುವುದು. ಎಡಗೈ ಮೌಸಿನ ಮೇಲೆ, ಅದೆಲ್ಲಿ ಓಡಿಹೋಗುತ್ತದೋ ಎಂಬಂತೆ ಅದುಮಿ ಹಿಡಿದಿರುವುದು. ಪ್ರತಿ ಅಕ್ಷರವನ್ನೂ ಬಾಯಲ್ಲಿ ಒಮ್ಮೆ ಹೇಳಿಯೇ ಒತ್ತುವುದು. ಸಾಲು ಮುಗಿದಾಗ ಎಂಟರ್ ಕೀಲಿಯನ್ನು, ರೊಟ್ಟಿ ತಟ್ಟುವಾಗಿನ ಕೊನೆಯ ಏಟಿನಂತೆ, ಅಂಗೈಯಿಂದ. ಮಾತಿನಲ್ಲಿ ಹಕಾರಕ್ಕೆ ಅವರಲ್ಲಿ ಪ್ರವೇಶವೇ ಇರಲಿಲ್ಲ. ಹೆಬ್ಬಾಳ ಎಬ್ಬಾಳವಾಗುತ್ತಿತ್ತು, ಹೆಸರಘಟ್ಟ ಎಸರಘಟ್ಟ, ಹೇಳು ಎಂಬುದು ಏಳು. ಆದರೆ ಬೆರಳು ಮಾತ್ರ ಒಂದು ಹಕಾರವನ್ನೂ ತಪ್ಪಿಸಿದ್ದಿಲ್ಲ. "ಬಾಯಿ ನಂದು, ಎಂಗಾದ್ರೂ ಆಡ್ತೀನಿ. ಕಾರ್ಡು ಬೇರೆಯೋರ್ದು" ಎನ್ನುತ್ತಿದ್ದರು.

ನಾನು ಇದನ್ನೆಲ್ಲ ಅವರೆದುರೇ ಮಾಡಿ ತೋರಿಸುತ್ತಿದ್ದೆ. ಬೇಜಾರು ಮಾಡಿಕೊಳ್ಳುವವರಲ್ಲ. "ಗಂಟ್ಲು ವಸಿ ದಪ್ಪ ಮಾಡ್ಕೊಳ್ಳಾ. ನಾನು ಇಷ್ಟು ತೆಳ್ಳಗೆ ಬೈಯಲ್ಲ" ಎಂದು ತಿದ್ದುತ್ತಿದ್ದರು.

ಕಾರ್ಡು ಎಂದೆನಲ್ಲ, ಅದೇ ಅವರ ಕೆಲಸ. ನಮ್ಮೂರಿನ ಹಳೇ ಮನೆತನಗಳ ಮದುವೆ, ನಾಮಕರಣ, ಗೃಹಪ್ರವೇಶ, ಕೊನೆಗೆ ತಿಥಿ, ಯಾವುದರ ಕಾರ್ಡಾದರೂ ದೊಡ್ಡಮ್ಮನ ಕಂಪ್ಯೂಟರಿನಲ್ಲೇ ಹುಟ್ಟಬೇಕು. ಆಮೇಲೆ ಅದು ಸಿಡಿಯಲ್ಲಿ ಯಲಹಂಕದ ಪ್ರೆಸ್ಸಿಗೆ ಹೋಗಿ ಗಣೇಶ, ಬಂಗಾರದ ಅಂಚು ಎಲ್ಲ ಅಂಟಿಸಿಕೊಂಡು ಬರುತ್ತಿತ್ತು. ಹೊರಗಿನವರಿಗೆ ಮದುವೆ ಕಾರ್ಡು ಎಂದರೆ ದಿನ, ಜಾಗ, ಊಟ. ನಮ್ಮವರು ನೋಡುವುದು ಅದನ್ನಲ್ಲ. ನೇರವಾಗಿ ಕೆಳಗೆ, "ತಮ್ಮ ಆಗಮನಾಭಿಲಾಷಿಗಳು" ಎಂಬಲ್ಲಿಗೆ ಕಣ್ಣು ಹೋಗುತ್ತದೆ. ಯಾರ ಹೆಸರು ಯಾರ ಮೇಲಿದೆ? ದೊಡ್ಡಪ್ಪನ ಮಗನ ಕೆಳಗೆ ಚಿಕ್ಕಪ್ಪ ಬಂದನೋ? ಸೋದರಮಾವ ಎಲ್ಲಿ? ಒಂದು ಸಾಲು ಹೆಚ್ಚುಕಡಿಮೆಯಾದರೆ ಒಂದು ಕವಲೇ ಮದುವೆಗೆ ಬರುವುದಿಲ್ಲ. ಬಂದರೂ ಊಟ ಮಾಡುವುದಿಲ್ಲ. ಊಟ ಮಾಡಿದರೂ ಹೋಳಿಗೆ ಮುಟ್ಟುವುದಿಲ್ಲ, ಅದು ಇನ್ನೂ ಘೋರ.

ದೊಡ್ಡಮ್ಮ ಎಂದೂ ಹೊಸ ಕಾರ್ಡು ಬರೆದವರೇ ಅಲ್ಲ. ಆ ಮನೆಯ ಹಿಂದಿನ ಕಾರ್ಡನ್ನು ತೆರೆಯುವುದು, ಗಂಡು ಹೆಣ್ಣು ದಿನ ಬದಲಾಯಿಸುವುದು, ಹೊಸ ಅಳಿಯಂದಿರನ್ನು ಅವರವರ ಜಾಗಕ್ಕೆ ಸೇರಿಸುವುದು, ಈ ನಡುವೆ ತೀರಿಕೊಂಡವರನ್ನು ಕೆಳಗಿನಿಂದ ತೆಗೆದು, ಹೆಸರಿನ ಹಿಂದೆ ದಿವಂಗತ ಎಂದು ಹಾಕಿ, ಕಾರ್ಡಿನ ನೆತ್ತಿಗೆ ಕಳಿಸುವುದು. ಹಾಗೆ ಒಂದೊಂದು ಮನೆಯ ಜಗಳ, ರಾಜಿ, ಹಿರಿತನ ಎಲ್ಲ ಆ ಯಂತ್ರದೊಳಗೆ ಕಾರ್ಡುಗಳಾಗಿ ಕೂತಿತ್ತು.

ಈ ವಿಧಾನದಲ್ಲಿ ಎಡವಟ್ಟೂ ಆಗುತ್ತಿತ್ತು. ಒಮ್ಮೆ ಒಂದು ಮದುವೆ ಕಾರ್ಡನ್ನು ತಿದ್ದಿ ಗೃಹಪ್ರವೇಶದ ಕಾರ್ಡು ಮಾಡಿದಾಗ ಕೊನೆಯ ಸಾಲು ಹಾಗೆಯೇ ಉಳಿದು, ಇಡೀ ಊರಿಗೆ "ನೂತನ ವಧೂವರರನ್ನು ಆಶೀರ್ವದಿಸಬೇಕಾಗಿ" ಹೊಸ ಮನೆಯ ಆಹ್ವಾನ ಹೋಯಿತು. ನಮ್ಮ ತಾತ ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಹೋದರು. ವಧೂವರರು ಕಾಣದೆ, ತಂದದ್ದು ವ್ಯರ್ಥ ಆಗಬಾರದೆಂದು ಹೊಸ್ತಿಲ ಮೇಲೆ ಹಾಕಿ ಬಂದರು. ದೊಡ್ಡಮ್ಮ ತಪ್ಪಾಯಿತು ಅನ್ನಬೇಕೋ ಬೇಡವೋ? "ಯಾಕೆ, ಮನೆಗೆ ಆಶೀರ್ವಾದ ಬ್ಯಾಡ್ವಾ? ಆ ಮನೇಲಿ ಇವತ್ತಿನವರೆಗೂ ನಲ್ಲಿ ಸೋರಿಲ್ಲ, ಓಗಿ ಕೇಳು."

ಯಂತ್ರಕ್ಕೆ ವಯಸ್ಸಾಯಿತು. ದಂತದ ಬಣ್ಣವಿದ್ದ ಪರದೆಯ ಡಬ್ಬ ಹಳದಿಗೆ ತಿರುಗಿತು. ಬೆಳಿಗ್ಗೆ ಗುಂಡಿ ಒತ್ತಿ, "ಏಳ್ಳಾ, ಬೆಳಗಾಯ್ತು" ಎಂದು ಗದರಿ, ದೊಡ್ಡಮ್ಮ ದೋಸೆ ಹುಯ್ಯಲು ಹೋಗುತ್ತಿದ್ದರು. ಅವರ ದೋಸೆ ಮುಗಿಯುವಾಗ ಅದು ಕಣ್ಣು ಬಿಟ್ಟಿರುತ್ತಿತ್ತು. ಹತ್ತಿರದ ವಾಯುನೆಲೆಯ ವಿಮಾನಗಳು ತಾಲೀಮಿಗೆಂದು ತಲೆಯ ಮೇಲೆ ಗುಡುಗಿಕೊಂಡು ಹೋದಾಗ ಪರದೆ ನಡುಗುತ್ತಿತ್ತು. ಆಗ ಟೈಪ್ ಮಾಡುವುದನ್ನು ನಿಲ್ಲಿಸಿ ಪರದೆಯ ನೆತ್ತಿಯ ಮೇಲೆ ಕೈಯಿಟ್ಟು, "ಏನಿಲ್ಲ, ಓಯ್ತು ಓಯ್ತು" ಎನ್ನುತ್ತಿದ್ದರು. ಯಾರಿಗೆ ಹೇಳಿದರೋ, ಕೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಅಷ್ಟಾಗಿದ್ದರೆ ನಡೆದುಹೋಗುತ್ತಿತ್ತು. ಆದರೆ ಪ್ರೆಸ್ಸಿನ ಯಜಮಾನರು ತಕರಾರು ತೆಗೆದರು. ಅವರು ಪ್ರತಿ ವಾಕ್ಯದ ಕೊನೆಗೂ "ಅರ್ಥ ಆಯ್ತಲ್ಲ" ಎನ್ನುವ ಮನುಷ್ಯ. ಅನುಕರಣೆಗೆ ತುಂಬ ಸುಲಭ.

"ನೋಡಿ ಅಮ್ಮಾ, ನಿಮ್ಮ ಸಿಡಿ ಹಾಕೋಕೆ ನಮ್ಮಲ್ಲಿ ಬಾಯೇ ಇಲ್ಲ, ಅರ್ಥ ಆಯ್ತಲ್ಲ. ಹಾಕಿದ್ರೂ ನಿಮ್ಮ ಅಕ್ಷರ ನಮ್ಮ ಹೊಸ ಸಿಸ್ಟಮ್‌ನಲ್ಲಿ ಬರಲ್ಲ, ಬರೀ ಚೌಕ ಚೌಕ ಬರುತ್ತೆ, ಅರ್ಥ ಆಯ್ತಲ್ಲ. ಎಲ್ರೂ ಪಿಡಿಎಫ್ ಮಾಡಿ ವಾಟ್ಸಪ್ ಮಾಡ್ತಾರೆ. ನೀವೂ ಹಂಗೇ ಮಾಡಿ. ಇಲ್ಲಾಂದ್ರೆ ಪಾರ್ಟಿಯೋರ್ನ ನೇರ ನಮ್ಮ ಹತ್ರನೇ ಕಳಿಸಿ, ಅರ್ಥ ಆಯ್ತಲ್ಲ."

ಅರ್ಥ ಆಯಿತು. ಆ ಸಲದ ಮದುವೆ ಕಾಲದಲ್ಲಿ ಎರಡು ಮನೆಯವರು ನೇರ ಪ್ರೆಸ್ಸಿಗೇ ಹೋದರು. ದೊಡ್ಡಮ್ಮ ಆ ಎರಡೂ ಕಾರ್ಡುಗಳನ್ನು ಕನ್ನಡಕ ಹಾಕಿಕೊಂಡು ಓದಿ, "ಚೆಂದಾಗಿದೆ. ಗಣೇಶ ವಸಿ ಸಣ್ಣಗವ್ನೆ" ಎಂದರು. ನನಗೆ ನಗು ಬರಲಿಲ್ಲ. ಯಾವಾಗಲೂ ನಗುವ ನನಗೇ ಬರಲಿಲ್ಲ ಎಂದರೆ ನೋಡಿ.

ಆಗ ನಾನು ಅಪ್‌ಗ್ರೇಡ್ ಜಪ ಶುರು ಮಾಡಿದ್ದು. ಫೋನಿನ ನಾಟಕ ಅದರ ಒಂದು ಅಂಕ, ಅಷ್ಟೇ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರೆ ಪಿಡಿಎಫ್ ಬರುತ್ತದೆ, ಪ್ರೆಸ್ಸಿನವರು ತೆಗೆದುಕೊಳ್ಳುತ್ತಾರೆ, ಊರಿನ ಕಾರ್ಡು ಮತ್ತೆ ದೊಡ್ಡಮ್ಮನ ಮನೆಯಿಂದಲೇ ಹೊರಡುತ್ತದೆ. ತೊಂದರೆ ಎಂದರೆ, ಅವರ ಕನ್ನಡ ತಂತ್ರಾಂಶ ಆ ಹಳೇ ಸಿಸ್ಟಮ್ ಬಿಟ್ಟು ಬೇರೆಯದರ ಮೇಲೆ ಕೂರುವಂಥದ್ದಲ್ಲ. ಅದು ಓಡಬೇಕಾದರೆ ಯಂತ್ರದ ಬೆನ್ನಿಗೆ ಬೀಗದಂಥ ಒಂದು ತುಂಡು ಚುಚ್ಚಿರಬೇಕಿತ್ತು. ಅದನ್ನು ಮಾರಿದ ಅಂಗಡಿ ಇದ್ದ ಜಾಗದಲ್ಲಿ ಈಗ ಬಿರಿಯಾನಿ ಸಿಗುತ್ತದೆ. ಅಪ್‌ಗ್ರೇಡ್ ಮಾಡದಿದ್ದರೆ ಹೊಸ ಕಾರ್ಡು ಬರುವುದಿಲ್ಲ. ಮಾಡಿದರೆ ಹಳೇ ಕಾರ್ಡು ಒಂದೂ ಓದಲಾಗುವುದಿಲ್ಲ.

ಒಂದು ದಿನ ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಆರ್.ಟಿ. ನಗರದ ರಿಪೇರಿ ಅಂಗಡಿಗೆ ಹೋದೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಎಲ್ಲ ನಿಂತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನಮ್ಮಾ ಅದು, ಮಿಕ್ಸಿನಾ?" ಎಂದ. "ಊರು" ಎಂದರು ದೊಡ್ಡಮ್ಮ.

ಅಂಗಡಿಯ ಹುಡುಗ ಮುಚ್ಚಳ ತೆಗೆದು ಒಳಗೆ ನೋಡಿ ಶಿಳ್ಳೆ ಹೊಡೆದ. "ಮಚ್ಚಾ, ಇದನ್ನ ಎಲ್ಲಿ ಹಿಡ್ದೆ?" ಎಂದು ನನ್ನನ್ನು ಕೇಳಿ, ದೊಡ್ಡಮ್ಮನ ಮುಖ ನೋಡಿ ತಕ್ಷಣ ಸಭ್ಯನಾದ. "ಅಮ್ಮಾ, ಇದಕ್ಕೆ ತೀರಾ ಹೊಸದು ಬೇಡ, ಸ್ವಲ್ಪ ಹಗುರವಾದ್ದು ಒಂದು ಹಾಕಿ ಕೊಡ್ತೀನಿ. ಓಡುತ್ತೆ."

"ಆಕಿದ್ಮೇಲೆ ಬ್ಯಾಡ ಅನ್ಸಿದ್ರೆ ವಾಪಸ್ ಬರಬೌದಾ?"

"ಇಲ್ಲಮ್ಮ. ಹಳೇದೆಲ್ಲ ಕ್ಲೀನಾಗಿ ತೆಗ್ದೇ ಹಾಕ್ಬೇಕು."

"ಆಕಿದ್ಮೇಲೆ ಎಂಗಿರ್ತದೆ ಅಂತ ಈಗ್ಲೇ ತೋರ್ಸಕ್ಕಾಯ್ತದಾ?"

"ಹಾಕಿದ್ಮೇಲೇ ಗೊತ್ತಾಗೋದಮ್ಮ."

"ಎಷ್ಟು ವರ್ಸ ಬಾಳ್ತದೆ?"

"ಗ್ಯಾರಂಟಿ ಹೇಳಕ್ಕಾಗಲ್ಲ."

ದೊಡ್ಡಮ್ಮ ಬೆಡ್‌ಶೀಟ್ ಎತ್ತಿಕೊಂಡರು. "ಇದು ಮದ್ವೆ ಕಣಪ್ಪ. ಇಂಗೆ ನಿಂತ ನಿಂತಲ್ಲೇ ಒಪ್ಪೋ ಮಾತಲ್ಲ. ಮನೇಲಿ ಕೇಳ್ಕೊಂಡು ಬತ್ತೀನಿ."

ಮನೆಯಲ್ಲಿ ಕೇಳಲು ಇದ್ದದ್ದು ಮಗ ಒಬ್ಬನೇ. ಬೈಕು ಕೇಳಿದ್ದ ಹುಡುಗ ಈಗ ಬಿಲ್ಡರ್. ಯಾವ ಸಮಸ್ಯೆಗೂ ಅವನಲ್ಲಿ ಒಂದೇ ಪರಿಹಾರ: ಕೆಡವಿ ಹೊಸದು ಕಟ್ಟುವುದು. "ಅಮ್ಮಾ, ಅದನ್ನ ಗುಜ್ರಿಗೆ ಹಾಕು. ನಾಳೇನೇ ಲ್ಯಾಪ್‌ಟಾಪ್ ತಂದುಕೊಡ್ತೀನಿ" ಎಂದ. ದೊಡ್ಡಮ್ಮ ಆಷಾಢ ಎಂದರು. ಆಷಾಢ ಕಳೆದಾಗ ಪಿತೃಪಕ್ಷ ಎಂದರು. ನಡುವೆ ಒಂದು ಗ್ರಹಣ ಸಿಕ್ಕಿತು, ಅದನ್ನೂ ಬಿಡಲಿಲ್ಲ. ನಾನು ಪಂಚಾಂಗ ನೋಡಿ ಒಳ್ಳೇ ಮುಹೂರ್ತ ತೋರಿಸಿದರೆ, "ಅದು ನಮ್ಮ ರಾಶಿಗೆ. ಕಂಪ್ಯೂಟರ್ ರಾಶಿ ಯಾವ್ದು, ಏಳು ಮತ್ತೆ" ಎಂದು ಬಾಯಿ ಮುಚ್ಚಿಸಿದರು.

ಅಷ್ಟರಲ್ಲಿ ನಮ್ಮಕ್ಕನ ಮದುವೆ ಗೊತ್ತಾಯಿತು.

ಅಮ್ಮ ತಾಂಬೂಲ ಹಿಡಿದುಕೊಂಡು ಕಾರ್ಡು ಹೇಳಲು ಎದುರು ಮನೆಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ದೊಡ್ಡಮ್ಮ ಎಲೆ ಅಡಿಕೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೇ ಮಾಡ್ಲಾ ಈ ಸಲ. ನಿನ್ನ ಲ್ಯಾಪ್‌ಟಾಪ್‌ನಾಗೆ."

"ನಾನಾ? ನೀವು?"

"ನೋಡಾನ. ನಿಂದು ಚೆಂದಾಗಿ ಬಂದ್ರೆ ನಂದೂ ಬದ್ಲಾಯ್ಸಾನ. ಪ್ರೆಸ್ಸಲ್ಲಿ ತಗಳ್ಳಲ್ಲ ಅಂದ್ಮೇಲೆ, ಹಳೇದು ಇಟ್ಕೊಂಡು ನಾನು ಯಾರ್ ಮನೆ ಕಾರ್ಡು ಬರೀಲಿ?" ನಗುತ್ತಲೇ ಹೇಳಿದರು. ಕೈಯಲ್ಲಿದ್ದ ಅಡಿಕೆಯನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಲಿಲ್ಲ.

ಊರಿನ ಕಾರ್ಡು ಬರೆಯುವ ಅಧಿಕಾರ ನನ್ನ ಕೈಗೆ ಬಂದಿತ್ತು. ಎದೆ ಉಬ್ಬಿಸಿಕೊಂಡು ಮನೆಗೆ ಬಂದು ಕೂತೆ. ಆದರೆ ಹೆಸರುಗಳು? ದೊಡ್ಡಮ್ಮನನ್ನು ಕೇಳಿದರೆ ಸೋತಂತೆ. ಹಳೇ ಕಾರ್ಡು ಹುಡುಕುವುದು ಹಳೇ ಪದ್ಧತಿ. ನಾನು ಹೊಸ ಕಾಲದವನು, ಕುಟುಂಬದ ವಾಟ್ಸಪ್ ಗುಂಪಿಗೆ ಒಂದು ಸಂದೇಶ ಹಾಕಿದೆ: ಎಲ್ಲರೂ ನಿಮ್ಮ ನಿಮ್ಮ ಹೆಸರು ಕಳಿಸಿ. ಕಳಿಸಿದರು. ಬಂದ ಹಾಗೆ ಬಂದ ಹಾಗೆ ಒಂದರ ಕೆಳಗೊಂದು ಅಂಟಿಸಿಕೊಂಡು ಹೋದೆ. ಯಾರಿಗೂ ಅನ್ಯಾಯವಿಲ್ಲ, ಸಿನಿಮಾ ಟಿಕೆಟ್ ಸಾಲಿನ ಹಾಗೆ. ದಿನವಿಡೀ ಫೋನು ಹಿಡಿದು ಕೂತ ಚಿಕ್ಕಪ್ಪನ ಕಿರಿಮಗ ಎಲ್ಲರಿಗಿಂತ ಮೇಲೆ ಬಂದ. ನೆತ್ತಿಯ ಮೇಲೆ ನವಿಲು, ಬದಿಯಲ್ಲಿ ಗುಲಾಬಿ, ಎಲ್ಲ ಇಟ್ಟು, ನೋಡಿ ನೋಡಿ ನನಗೇ ದೃಷ್ಟಿಯಾಗುವಂತಾಗಿ, ಪಿಡಿಎಫ್ ಮಾಡಿ ಗುಂಪಿಗೆ ಬಿಟ್ಟೆ.

ನನ್ನ ಸೋದರಮಾವ ಹೆಸರಘಟ್ಟದಲ್ಲಿ ಹಸು ಕಟ್ಟಿಕೊಂಡಿದ್ದಾರೆ. ಫೋನು ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿರುತ್ತದೆ. ಹಾಲು ಕರೆದಾದ ಮೇಲೆ ನೋಡುತ್ತಾರೆ. ಅವರ ಹೆಸರು ಎಲ್ಲರಿಗಿಂತ ಕೊನೆಗೆ ಬಂದಿತ್ತು. ಕೊನೆಗೆ ಬಂದದ್ದನ್ನು ನಾನು ಕೊನೆಗೇ ಹಾಕಿದ್ದೆ. ಸಂಜೆ ಫೋನು ಬಂತು. ದನಿ ತಣ್ಣಗಿತ್ತು, ಅದೇ ಭಯ.

"ಏನಪ್ಪಾ ಅಳಿಯ, ಕಾರ್ಡ್ ಬಂತು. ನಾನೆಲ್ಲಿದೀನಿ ಅಂತ ಉಡುಕ್ತಾ ಇದ್ದೆ."

"ಇದೀರಲ್ಲ ಮಾವಾ..."

"ಸಿಕ್ದೆ, ಸಿಕ್ದೆ. ಛತ್ರದ ಫೋನ್ ನಂಬರ್ ಪಕ್ದಾಗೆ. ಅಡ್ರೆಸ್ ಗೊತ್ತಾಗ್ದಿದ್ರೆ ನನ್ನೇ ಕೇಳ್ಲಿ ಅಂತ ಅಲ್ಲಿ ನಿಲ್ಸಿದೀಯೇನಪ್ಪಾ?"

"ಹಂಗಲ್ಲ ಮಾವಾ, ಅದು..."

"ಇರ್ಲಿ ಬಿಡು. ಧಾರೆ ಒತ್ತಿಗೆ ಎಣ್ಣನ್ನ ಕರ್ಕೊಂಡು ಬರಕ್ಕೂ ಮೇಲಿರೋರ್ಗೇ ಏಳು. ನಂಗೆ ಅಸು ಕರೆಯೋ ಒತ್ತು."

ಸೋದರಮಾವನಿಲ್ಲದೆ ನಮ್ಮಲ್ಲಿ ಹೆಣ್ಣು ಮಂಟಪಕ್ಕೆ ಬರುವುದಿಲ್ಲ. ಅಮ್ಮ ಅತ್ತರು. ಅಪ್ಪ ನನ್ನ ಲ್ಯಾಪ್‌ಟಾಪನ್ನು ಚೇಳನ್ನು ನೋಡುವಂತೆ ನೋಡಿದರು. ಅಕ್ಕ, "ನಿಂಗೆ ಎಲ್ಲರ ದನಿ ಬರುತ್ತಲ್ಲ, ಮಾವನ ದನೀಲಿ ನೀನೇ ನನ್ನ ಮಂಟಪಕ್ಕೆ ಕರ್ಕೊಂಡು ಹೋಗು" ಎಂದಳು.

ಇಲ್ಲೊಂದು ಮಾತು ನಡುವೆ ಹೇಳಬೇಕು. ಅಕ್ಕನ ಮದುವೆಯಾಗಿ ಈಗ ಅವಳ ಮಗು ನಡೆಯುತ್ತಿದೆ. ಹೋದ ಕಾರ್ತೀಕದಲ್ಲಿ ದೊಡ್ಡಮ್ಮ ತೀರಿಕೊಂಡರು. ಅವರ ವೈಕುಂಠ ಸಮಾರಾಧನೆಯ ಕಾರ್ಡನ್ನು ಬಿಲ್ಡರ್ ಅಣ್ಣ ಕಾರಿನಲ್ಲಿ ಕೂತೇ ಫೋನಿನಲ್ಲಿ ಪ್ರೆಸ್ಸಿಗೆ ಹೇಳಿ ಮಾಡಿಸಿದ. ಹೆಸರುಗಳು ಎಲ್ಲೆಲ್ಲಿಗೋ ಹೋಗಿದ್ದವು. ಹಿರಿಯ ಮೈದುನ ಕೆಳಗೆ, ಮೊಮ್ಮಕ್ಕಳು ಮೇಲೆ, ಊರಿನ ಅರ್ಧ ಜನ ಇಲ್ಲವೇ ಇಲ್ಲ. ಎಲ್ಲರೂ ಬಂದರು. ನಮ್ಮ ಸೋದರಮಾವ ಬೆಳಿಗ್ಗೆಯೇ ಹಾಲಿನ ಕ್ಯಾನು ಇಳಿಸಿ, ತರಕಾರಿ ಹೆಚ್ಚಲು ಕೂತರು. ಕಾರ್ಡಿನ ಬಗ್ಗೆ ಒಬ್ಬರೂ ಜಗಳ ತೆಗೆಯಲಿಲ್ಲ. ನನಗೆ ತಡೆಯಲಾಗದೇ ಹೋದದ್ದು ಅದು. ಒಬ್ಬರಾದರೂ, ನನ್ನ ಹೆಸರೆಲ್ಲಿ ಎಂದು ಕೂಗಾಡಬಾರದಿತ್ತೇ?

ಸರಿ, ಆ ಸಂಜೆಗೆ ಬರುತ್ತೇನೆ. ಮಾವನ ಫೋನಾದ ಮೇಲೆ ನಾನೂ ಅಕ್ಕನೂ ಎದುರು ಮನೆಗೆ ಹೋದೆವು. ದೊಡ್ಡಮ್ಮನಿಗೆ ಆಗಲೇ ಸುದ್ದಿ ತಲುಪಿತ್ತು. ನಾನು ಬೈಗುಳಕ್ಕೆ ತಯಾರಾಗಿ, ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಕಾಲಿಟ್ಟೆ.

ಬೈಯಲಿಲ್ಲ. ಯಂತ್ರ ಆನ್ ಮಾಡಿ ಕೂತಿದ್ದರು. ಅದು ಎಚ್ಚರಾಗುವವರೆಗೆ ಮೂವರೂ ಕಾಫಿ ಕುಡಿದೆವು. ನಮ್ಮ ಮನೆಯ ಹಿಂದಿನ ಕಾರ್ಡು ತೆರೆದರು. ಅದು ನನ್ನ ದೊಡ್ಡಪ್ಪನ ಮಗಳ ಮದುವೆಯದು. ತೋರುಬೆರಳು ಕೆಲಸಕ್ಕಿಳಿಯಿತು. ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳು ಅವರವರ ಜಾಗದಲ್ಲೇ. ಅಲ್ಲಿ ನಂಟರ ಸಾಲಿನಲ್ಲಿದ್ದ ನನ್ನ ಸೋದರಮಾವನನ್ನು ಮಾತ್ರ ಎತ್ತಿ, ಕೆಳಗಿನ ಸಾಲುಗಳಿಗೇ ಸೇರಿಸದೆ, ಅಪ್ಪ ಅಮ್ಮನ ಹೆಸರಿನ ಬದಿಯಲ್ಲಿ ಬೇರೆಯಾಗಿ ಕೂರಿಸಿದರು. ಮಧ್ಯೆ ಒಮ್ಮೆ ತಡೆದು, "ನಿಮ್ಮ ತಾತ..." ಎಂದರು. ಆ ಕಾರ್ಡಿನ ಕಾಲಕ್ಕೆ ತಾತ ಇದ್ದರು. ಅಕ್ಕ ಹೌದು ಎಂಬಂತೆ ತಲೆಯಾಡಿಸಿದಳು. ದೊಡ್ಡಮ್ಮ ತಾತನನ್ನು ಮೇಲಕ್ಕೆ ಕಳಿಸಿ, ಎಂಟರನ್ನು ಆ ಒಂದು ಸಲ ಮಾತ್ರ ಮೆಲ್ಲಗೆ ಒತ್ತಿದರು.

ತಪ್ಪು ನೋಡಲೆಂದು ಹಾಳೆ ತೆಗೆಯುತ್ತಿದ್ದ ಹಳೇ ಪ್ರಿಂಟರು ಕೆಮ್ಮಿ, ಕಾಗದವನ್ನು ಎಳೆದುಕೊಂಡು, ಕಾರ್ಡನ್ನು ಹೊರಗೆ ಹಾಕಿತು. ದೊಡ್ಡಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. "ಮಾಡೋದೇನೋ ಮಾಡ್ದೆ. ಪ್ರೆಸ್ಸಪ್ಪ ಇದನ್ನ ತಗಳ್ಳಲ್ವಲ್ಲ, ಏನ್ಮಾಡಾನ? ಅವ್ನು ಕೇಳ್ದಂಗೆ ಅಪ್‌ಗ್ರೇಡೇ ಮಾಡ್ಸ್ಬುಡಾನ, ಅಲ್ವೇನವ್ವಾ?" ಎಂದು ಅಕ್ಕನ ಮುಖ ನೋಡಿದರು. ಅಷ್ಟು ದಿನ ಆಷಾಢ, ಗ್ರಹಣ ಎಂದೆಲ್ಲ ತಳ್ಳುತ್ತ ಬಂದವರು ಇವರೇನಾ ಅನ್ನಿಸಿತು. ನನಗೆ ಖುಷಿಯಾಗಬೇಕಿತ್ತು.

ಅಕ್ಕ ಕಾಗದ ಕಿತ್ತುಕೊಂಡಳು. ಟ್ಯೂಬ್‌ಲೈಟಿನ ಕೆಳಗೆ ಟೀಪಾಯಿಯ ಮೇಲೆ ಹರಡಿ, ಫೋನು ತೆಗೆದು ಒಂದು ಫೋಟೊ ಹೊಡೆದು, ಅಂಚು ಕತ್ತರಿಸಿ, ಪ್ರೆಸ್ಸಿನ ಯಜಮಾನರಿಗೆ ಕಳಿಸಿದಳು. ಮರುಕ್ಷಣ ಅವರಿಗೇ ಫೋನು ಮಾಡಿ, ನಮಗೂ ಕೇಳಿಸುವಂತೆ ಸ್ಪೀಕರ್ ಹಾಕಿದಳು.

"ಸಾರ್, ಒಂದು ಫೋಟೊ ಕಳ್ಸಿದೀನಿ. ಇದನ್ನ ಹೀಗೇ ಪ್ರಿಂಟ್ ಮಾಡಕ್ಕಾಗುತ್ತಾ?"

"ಫೋಟೊನಾ? ಅಕ್ಷರ ಸ್ವಲ್ಪ ಮಂಕು ಬರುತ್ತೆ. ಹಾಳೆ ತಂದುಕೊಟ್ರೆ ಸ್ಕ್ಯಾನ್ ಮಾಡಿ ಹಾಕ್ಬಹುದು, ನೀಟಾಗಿ ಬರುತ್ತೆ, ಅರ್ಥ ಆಯ್ತಲ್ಲ."

"ಅಂದ್ರೆ ಪಿಡಿಎಫ್ಫೇ ಬೇಕು ಅಂತೇನಿಲ್ಲ?"

"ಹಾಳೆ ಕೊಡ್ತೀವಿ ಅಂತ ಯಾರೂ ಹೇಳ್ಳೇ ಇಲ್ವಲ್ಲಮ್ಮ. ನಾನು ಸಿಡಿ ಆಗಲ್ಲ ಅಂದೆ, ಅಷ್ಟೇ."

ನಾನು ಆಟೋದಲ್ಲಿ ಊರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೆಬ್ಬಾಳ ದಾಟಿದ್ದು, ಪಂಚಾಂಗ ಓದಿದ್ದು, ನವಿಲು ಕೂರಿಸಿದ್ದು, ಎಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಮೆರವಣಿಗೆ ಹೋಯಿತು. ಅಕ್ಕ ಅದೇ ಫೋಟೊವನ್ನು ಮಾವನಿಗೂ ಕಳಿಸಿದಳು. ಕಾಫಿ ಲೋಟ ತೊಳೆಯುವಷ್ಟರಲ್ಲಿ ಮಾವನ ದನಿಯ ಸಂದೇಶ ಬಂತು, ಹಿಂದೆ ಹಸುವಿನ ಕೂಗು: "ಆಂ... ಇದು ಕಾರ್ಡು. ಧಾರೆ ಎಷ್ಟೊತ್ಗವ್ವಾ? ಕರ ಕಟ್ಟಕ್ಕೆ ಯಾರ್ಗಾದ್ರೂ ಏಳ್ಬೇಕು ನಾನು."

ದೊಡ್ಡಮ್ಮ ಸೆರಗಿನಿಂದ ಕೀಲಿಮಣೆ ಒರೆಸತೊಡಗಿದರು. ಒರೆಸುವಂಥದ್ದು ಏನೂ ಇರಲಿಲ್ಲ. ಮುಖ ನಮಗೆ ಕಾಣದ ಹಾಗೆ ಬಗ್ಗಿಕೊಂಡಿದ್ದರು. ಅಲ್ಲಿಗೆ ಎದ್ದು ಮನೆಗೆ ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸೋತವನಿಗೆ ಕೊನೆಯ ಮಾತು ತನ್ನದಾಗಲಿ ಎಂಬ ಚಪಲ.

"ಆದ್ರೂ ದೊಡ್ಡಮ್ಮ," ಎಂದೆ, "ಈ ಸಲ ಹೇಗೋ ನಡೀತು. ಹೊಸದು ಹೊಸದೇ. ಅಪ್‌ಗ್ರೇಡ್ ಮಾಡ್ಸಿದ್ರೆ ನಿಮ್ಮ ಕಂಪ್ಯೂಟರ್ ಇನ್ನೂ ಎಷ್ಟೊಂದು ಕಲೀತಿತ್ತು ಗೊತ್ತಾ?"

ದೊಡ್ಡಮ್ಮ ಕನ್ನಡಕ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ನಿಮ್ಮಪ್ಪ ನಿನ್ನ ಡಿಪ್ಲೊಮಾ ಅಂತ, ಇಂಜಿನಿಯರಿಂಗ್ ಅಂತ, ಆಮೇಲೆ ಅದ್ಯಾವ್ದೋ ಕೋರ್ಸು ಅಂತ ಅಪ್‌ಗ್ರೇಡ್ ಮಾಡ್ಸಿದ್ದೇ ಮಾಡ್ಸಿದ್ದು. ಮೊದ್ಲು ಏಳಿದ ಕೆಲ್ಸಾನಾದ್ರೂ ಮಾಡ್ತಿದ್ದೆ ಕಣ್ಲಾ ನೀನು."